ಗೋಸುಂಬೆಗೊಂದು ಹೆರಿಗೆ ಕೋಣೆ: ಮಳೆಗಾಲದ ರಿಪೇರಿ ದಾಖಲೆ

ನನ್ನ ಕೆಲಸ ಕಾಫಿ ಪಲ್ಪರ್ ಯಂತ್ರ ಮತ್ತು ಪಂಪ್‌ಸೆಟ್ ರಿಪೇರಿ. ಪ್ರಾಣಿ ವೈದ್ಯ ನಾನಲ್ಲ. ಆದರೂ ಈ ಮಳೆಗಾಲದಲ್ಲಿ ಸುಂಟಿಕೊಪ್ಪದ ಹತ್ತಿರದ ಅಕ್ಕನ ಮನೆಯಲ್ಲಿ ಕೈಗೆ ಬಂದ ಕೆಲಸ ಒಂದು ಹೆಣ್ಣು ಗೋಸುಂಬೆಯ ಪಂಜರ. ಮೊಟ್ಟೆ ಹೊರಬರದೆ ಹೊಟ್ಟೆಯಲ್ಲೇ ಕಟ್ಟಿಕೊಂಡ ಗೋಸುಂಬೆಯನ್ನು ವೈದ್ಯರು ನೋಡಿಕೊಳ್ಳುತ್ತಾರೆ, ಸರಿ. ಆದರೆ ಅದು ಕಟ್ಟಿಕೊಳ್ಳಲು ಕಾರಣವಾದ ಪಂಜರವನ್ನು ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬೇಕು. ಆ ಅರ್ಧದ ಕೆಲಸದ ದಾಖಲೆ ಇದು.

ಗೋಸುಂಬೆಯ ಹೆಸರು ಪಚ್ಚೆ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಕಿರೀಟವಿರುವ ವೇಲ್ಡ್ ಕೆಮೀಲಿಯನ್ ಜಾತಿ. ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸಾಕಿದ್ದಳು. ಮನೆಯಿಂದಲೇ ಕೆಲಸ ಮಾಡಬಹುದು ಎಂದಾದ ಮೇಲೆ ಬೇಸಿಗೆಯಲ್ಲಿ ಪಂಜರ ಸಮೇತ ಊರಿಗೆ ತಂದಳು. ಕಾಗದಪತ್ರದ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬೇಲಿಯಲ್ಲಿ ಕಂಡದ್ದನ್ನು ಹಿಡಿದು ತಂದು ಸಾಕುವಂತಿಲ್ಲ. ಪಚ್ಚೆಯಂಥ ವಿದೇಶಿ ಜಾತಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. ಅದನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಪಚ್ಚೆಯ ನೋಂದಣಿ ಆಗಿದೆ.

ಮಳೆ ಹಿಡಿದು ಸ್ವಲ್ಪ ಕಾಲವಾದ ಮೇಲೆ ಹುಡುಗಿ ಫೋನ್ ಮಾಡಿದಳು. "ಮಾವ, ಪಚ್ಚೆಯ ಹೊಟ್ಟೆ ಎರಡೂ ಕಡೆ ಉಬ್ಬಿದೆ. ಕೆಳಗಿಳಿದು ಮೂಲೆ ಮೂಲೆ ಕೆರೆಯುತ್ತದೆ, ಮತ್ತೆ ಹತ್ತಿ ಕೂರುತ್ತದೆ. ಮೊಟ್ಟೆ ಮಾತ್ರ ಇಡುತ್ತಿಲ್ಲ. ನೀವು ಒಮ್ಮೆ ಬಂದು ಪಂಜರ ನೋಡಬೇಕು."

ನಾನು ಹೋದಾಗ ಭಾವ ಜಗಲಿಯಲ್ಲೇ ತಡೆದು ತಮ್ಮ ಸಂಶಯ ಮುಂದಿಟ್ಟರು. "ಇದು ಒಂಟಿ ಹೆಣ್ಣು. ಗಂಡಿನ ಮುಖವನ್ನೇ ನೋಡಿಲ್ಲ. ಮೊಟ್ಟೆ ಎಲ್ಲಿಂದ ಬರುತ್ತದೆ?"

"ಫಾರಂ ಕೋಳಿಗೆ ಎಲ್ಲಿಂದ ಬರುತ್ತದೆ ಭಾವ?" ಎಂದು ಕೇಳಿದೆ. ಈ ಜಾತಿಯ ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲವೂ ಕಟ್ಟಬಹುದು. ಮರಿಯಾಗದ ಮೊಟ್ಟೆ, ಅಷ್ಟೇ. ಆದರೆ ಅದು ಹೊರಗೆ ಬರಲೇಬೇಕು. ಹೆಣ್ಣು ಗೋಸುಂಬೆ ಸಾಕುವವರ ಮನೆಯಲ್ಲಿ ಮಣ್ಣು ತುಂಬಿದ ಒಂದು ಪೆಟ್ಟಿಗೆ ಸದಾ ಸಿದ್ಧವಿರಬೇಕಾದದ್ದು ಇದಕ್ಕೇ.

ಮೊದಲು ಪ್ರಾಣಿ, ಆಮೇಲೆ ಪಂಜರ

ಹುಡುಗಿ ಪಚ್ಚೆಯನ್ನು ಕೈಮೇಲೆ ಹತ್ತಿಸಿಕೊಂಡು ಕಿಟಕಿಯ ಬಳಿ ತಂದಳು. ಮಾಮೂಲಿಯ ಎಳೆ ಹಸಿರು ಕಪ್ಪಾಗಿತ್ತು. ಅದರ ಮೇಲೆ ನೀಲಿ ಮತ್ತು ಹಳದಿಯ ಮಚ್ಚೆಗಳು ಎದ್ದು ಕಾಣುತ್ತಿದ್ದವು. ಮೊಟ್ಟೆ ಹೊತ್ತ ಹೆಣ್ಣಿನ ಬಣ್ಣ ಅದು, ಗಾಬರಿಪಡುವಂಥದ್ದಲ್ಲ. ಪಕ್ಕೆಯ ಚರ್ಮದಡಿ ಸಣ್ಣ ಸಣ್ಣ ಉಬ್ಬುಗಳು ಸಾಲಾಗಿ ತೋರುತ್ತಿದ್ದವು. ಕಣ್ಣಿನ ಗೋಪುರಗಳು ತುಂಬಿಕೊಂಡಿದ್ದವು, ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. ನಾನು ತೋರುಬೆರಳು ಚಾಚಿದಾಗ ಮುಂಗಾಲಿನ ಇಕ್ಕಳದಂಥ ಪಾದದಿಂದ ಗಟ್ಟಿಯಾಗಿ ಹಿಡಿಯಿತು. ಉಗುರಿನ ಗುರುತು ಚರ್ಮದ ಮೇಲೆ ಉಳಿಯಿತು. ಹಿಂಗಾಲಿನ ಹಿಡಿತ ಮಾತ್ರ ಅಷ್ಟಕ್ಕಷ್ಟೆ.

ಹುಡುಗಿ ನನಗೆ ಕಲಿಸಿದ ಲೆಕ್ಕ ಹೀಗಿದೆ. ಮೊಟ್ಟೆ ಇಡುವ ಕಾಲ ಹತ್ತಿರ ಬಂದಾಗ ಆಹಾರ ಬಿಡುವುದು ಸಹಜ; ನೀರು ಕುಡಿಯುತ್ತದೆ, ಚುರುಕಾಗಿ ಓಡಾಡುತ್ತದೆ, ನೆಲ ಹುಡುಕುತ್ತದೆ. ಆಹಾರ ಬಿಟ್ಟದ್ದರ ಜೊತೆಗೆ ಹಗಲಲ್ಲಿ ಕಣ್ಣು ಮುಚ್ಚುವುದು, ಕಣ್ಣು ಒಳಗೆ ಇಳಿಯುವುದು, ಕೊಂಬೆಯ ಹಿಡಿತ ತಪ್ಪುವುದು, ಪಂಜರದ ತಳದಲ್ಲಿ ಸುಮ್ಮನೆ ಬಿದ್ದಿರುವುದು, ಬಾಯಿ ತೆರೆದು ಉಸಿರಾಡುವುದು, ತಿಣುಕಿ ತಿಣುಕಿ ಏನೂ ಬಾರದಿರುವುದು ಕಂಡರೆ ಪೆಟ್ಟಿಗೆ ಕಟ್ಟುತ್ತಾ ಕೂರುವಂತಿಲ್ಲ, ಅದೇ ದಿನ ವೈದ್ಯರ ಮೇಜಿನ ಮೇಲಿರಬೇಕು. ಎರಡರ ನಡುವೆ ಇನ್ನೊಂದು ಸ್ಥಿತಿ ಇದೆ: ಎರಡು ಮೂರು ದಿನ ಕೆರೆದರೂ ಇಡುವುದಿಲ್ಲ, ಕ್ರಮೇಣ ಕೆರೆಯುವುದನ್ನೂ ಬಿಡುತ್ತದೆ. ನೋಡುವವರಿಗೆ 'ಸಮಾಧಾನವಾಯಿತು' ಎನ್ನಿಸುತ್ತದೆ. ನಿಜವಾಗಿ ಅದು ಶಕ್ತಿ ಸೋರಿಹೋದ ಲಕ್ಷಣ.

ಪಚ್ಚೆ ಈ ನಡುವಿನ ಮೆಟ್ಟಿಲಿನಲ್ಲಿತ್ತು. ಹುಡುಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಬರೆದಿಡುತ್ತಿದ್ದಳು. ಏರುತ್ತಿದ್ದ ತೂಕ ನಿಂತು, ಒಂದೆರಡು ಗ್ರಾಂ ಇಳಿಯತೊಡಗಿತ್ತು. ಹೊಟ್ಟೆ ದುಂಡಗೇ ಇದ್ದು ತೂಕ ಇಳಿದರೆ ಮೈಯ ನೀರು ಮತ್ತು ಮಾಂಸ ಕರಗುತ್ತಿದೆ ಎಂದರ್ಥ. ಸಾಕುವವರು ಬೇರೇನೂ ಬರೆದಿಡದಿದ್ದರೂ ಚಿಂತೆಯಿಲ್ಲ, ತೂಕ ಬರೆದಿಡಬೇಕು.

ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಸವರಿ ಮೆಲ್ಲಗೆ ಒತ್ತಿದರೆ ಬರುತ್ತದೆ ಎಂದರು. ಕೋಳಿಗೆ ಅವರು ಹಾಗೆ ಮಾಡಿ ಗೆದ್ದಿದ್ದಾರಂತೆ. ಗೋಸುಂಬೆಗೆ ಇದು ಸಾವಿನ ದಾರಿ. ಒಳಗೆ ಒಂದಲ್ಲ, ಹತ್ತಾರು ಮೊಟ್ಟೆಗಳಿರುತ್ತವೆ. ತೆಳು ಚರ್ಮದಂಥ ಸಿಪ್ಪೆ. ಒತ್ತಿದಾಗ ಒಂದು ಒಡೆದರೂ ಮೊಟ್ಟೆಯ ಹಳದಿ ಭಾಗ ಹೊಟ್ಟೆಯೊಳಗೆ ಚೆಲ್ಲಿ ಉರಿಯೂತವಾಗುತ್ತದೆ. ಅಜ್ಜಿಗೆ ಇಷ್ಟೆಲ್ಲ ವಿವರಿಸದೆ, ವೈದ್ಯರಿಗೆ ತೋರಿಸುತ್ತೇವೆ ಎಂದು ಮುಗಿಸಿದೆವು.

ನಮ್ಮ ಕಡೆಯ ಪಶುವೈದ್ಯರ ಕೈ ಹಸು, ಹಂದಿ, ನಾಯಿಗಳ ಮೇಲೆ ಪಳಗಿದ್ದು. ವಿಚಾರಿಸಿದಾಗ, ಸರೀಸೃಪ ನೋಡುವವರು ಮೈಸೂರಿನಲ್ಲಿದ್ದಾರೆ, ಕಾಯಬೇಡಿ ಎಂದು ಅವರೇ ಹೇಳಿದರು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋದೆವು. ಒಂದು ರಟ್ಟಿನ ಪೆಟ್ಟಿಗೆಗೆ ಗಾಳಿಯ ತೂತು ಮಾಡಿ, ತಳದಲ್ಲಿ ಟವೆಲ್ ಹಾಸಿ, ಹಿಡಿದುಕೊಳ್ಳಲು ಸೀಬೆಯ ಕೊಂಬೆಯೊಂದನ್ನು ಅಡ್ಡಲಾಗಿ ಬಿಗಿದಿದ್ದೆ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಗೆ ಒಂದು ಬದಿಗೆ ಇಟ್ಟೆವು. ಕತ್ತಲೆ ಇದ್ದದ್ದರಿಂದ ದಾರಿಯುದ್ದಕ್ಕೂ ಅದು ಅಲುಗಾಡಲಿಲ್ಲ.

ವೈದ್ಯರು ತೆಗೆದ ಎಕ್ಸ್‌ರೇಯಲ್ಲಿ ಸಿಪ್ಪೆ ಕಟ್ಟಿದ ಮೊಟ್ಟೆಗಳ ಗೆರೆ ಸ್ಪಷ್ಟವಾಗಿತ್ತು. ಒಡೆದದ್ದಿಲ್ಲ, ವಿಕಾರವಾಗಿ ದೊಡ್ಡದಾದದ್ದಿಲ್ಲ, ದಾರಿಗೆ ಅಡ್ಡವಾಗಿ ಸಿಕ್ಕಿಕೊಂಡದ್ದಿಲ್ಲ. ಮೊಟ್ಟೆ ಕಟ್ಟಿಕೊಳ್ಳುವುದು ಎರಡು ಬಗೆ ಎಂದು ಅವರು ಬಿಡಿಸಿ ಹೇಳಿದರು. ಒಂದರಲ್ಲಿ ಹಳದಿಯ ಗುಳ್ಳೆಗಳು ಅಂಡಾಶಯದಲ್ಲೇ ಬೆಳೆದು ನಿಂತುಬಿಡುತ್ತವೆ, ಸಿಪ್ಪೆಯೇ ಕಟ್ಟುವುದಿಲ್ಲ. ಅದಕ್ಕೆ ಸ್ಕ್ಯಾನಿಂಗ್ ಬೇಕು. ಎಂಥ ಮರಳಿನ ಪೆಟ್ಟಿಗೆ ಕೊಟ್ಟರೂ ಅದು ಹೊರಬರುವುದಿಲ್ಲ. ತಾನಾಗಿ ಕರಗದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಇನ್ನೊಂದು ನಮ್ಮದು: ಮೊಟ್ಟೆ ಸಿದ್ಧವಾಗಿದೆ, ಇಡುತ್ತಿಲ್ಲ. ಅಡ್ಡಿಯಿಲ್ಲದ ಕಾರಣ ಚರ್ಮದಡಿ ದ್ರವ ಕೊಟ್ಟು, ಕ್ಯಾಲ್ಸಿಯಂ ಗ್ಲುಕೊನೇಟ್ ಚುಚ್ಚುಮದ್ದು ಹಾಕಿದರು. ಅಂಡನಾಳದ ಸ್ನಾಯು ಹಿಂಡಬೇಕಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕು. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿನ ಬಗ್ಗೆ ಕೇಳಿದ್ದಕ್ಕೆ, ಆಮೆಗಳಲ್ಲಿ ಅದು ಮಾಡುವಷ್ಟು ಕೆಲಸ ಹಲ್ಲಿಯ ಜಾತಿಯಲ್ಲಿ ಮಾಡುವುದಿಲ್ಲ, ದಾರಿ ಕಟ್ಟಿದ್ದರೆ ಅಪಾಯ ಕೂಡ, ಮನೆಯಲ್ಲಿ ಯಾರೂ ಮುಟ್ಟಬಾರದು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಇಡಲು ಜಾಗ ಎಲ್ಲಿದೆ?" ಎಂದು ಕೇಳಿದರು. ಜಾಗ ಕೊಟ್ಟ ಮೇಲೂ ಎರಡು ದಿನದಲ್ಲಿ ಇಡದಿದ್ದರೆ, ಅಥವಾ ಅದಕ್ಕೂ ಮೊದಲೇ ಕಣ್ಣು ಮುಚ್ಚತೊಡಗಿದರೆ ವಾಪಸ್ ತನ್ನಿ ಎಂಬ ಗಡುವು ಕೊಟ್ಟು ಕಳಿಸಿದರು.

ಪಂಜರದಲ್ಲಿ ಕಂಡದ್ದು

ಅಲ್ಯೂಮಿನಿಯಂ ಚೌಕಟ್ಟು, ಸುತ್ತಲೂ ಜಾಲರಿ, 60 ಸೆಂ.ಮೀ. ಅಗಲ, ಅಷ್ಟೇ ಉದ್ದ, 120 ಸೆಂ.ಮೀ. ಎತ್ತರ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಪಂಜರವೇ. ಇಲ್ಲಿಯ ಮಳೆಗಾಲಕ್ಕೆ ಮೂರು ಕಡೆ ಸೋತಿತ್ತು.

ಮೊದಲನೆಯದು ಮೇಲೆ. ಚಳಿ ತಟ್ಟಬಾರದೆಂದು ಅಕ್ಕ ಪಂಜರದ ತಲೆಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯೊಂದನ್ನು ಹೊದಿಸಿದ್ದರು. ಕಾಫಿ ಒಣಗಿಸುವ ಸೋಲಾರ್ ಗೂಡಿನಲ್ಲಿ ಉಳಿದದ್ದು. ದೀಪಗಳು ಅದರ ಮೇಲೆ ಕೂತಿದ್ದವು. ಬೆಳಕೇನೋ ಝಗಮಗ ಬರುತ್ತಿತ್ತು. ಆದರೆ ಗಾಜಾಗಲಿ ಪಾಲಿಕಾರ್ಬೊನೇಟ್ ಆಗಲಿ ಬಿಸಿಲಿನಲ್ಲಿರುವ ನೇರಳಾತೀತ ಯುವಿಬಿ ಕಿರಣವನ್ನು ಒಳಗೆ ಬಿಡುವುದಿಲ್ಲ. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ವಿಟಮಿನ್ ಆಗುವುದಿಲ್ಲ. ಡಿ3 ಇಲ್ಲದೆ ತಿನ್ನಿಸಿದ ಕ್ಯಾಲ್ಸಿಯಂ ಪುಡಿ ಮೈಗೆ ಹತ್ತುವುದಿಲ್ಲ. ಬೇಸಿಗೆಯಲ್ಲಾದರೆ ಅಂಗಳದ ಬಿಸಿಲಿಗೆ ಹಿಡಿಯಬಹುದಿತ್ತು. ಕೊಡಗಿನ ಆಷಾಢದಲ್ಲಿ ಸೂರ್ಯನ ಹೆಸರು ಹೇಳುವವರಾರು?

ಎರಡನೆಯದು ಶಾಖ. 75 ವಾಟ್‌ನ ಹ್ಯಾಲೊಜೆನ್ ಬಲ್ಬು. ಹಗಲು ಕೂರುವ ಕೊಂಬೆಯ ಮೇಲೆ 28 ಡಿಗ್ರಿ ಬರಬೇಕಿತ್ತು. ಥರ್ಮಾಮೀಟರು 22 ತೋರಿಸಿತು. ಬಲ್ಬು ಹೊಸದು. ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು: ಸಾಕೆಟ್ಟಿನಲ್ಲಿ 170 ವೋಲ್ಟ್. ತೋಟದ ಕೊನೆಯ ಮನೆ, ಉದ್ದದ ಲೈನು, ಎಲ್ಲರ ಗೀಸರು ಒಟ್ಟಿಗೆ ಓಡುವ ಹೊತ್ತು. 230 ವೋಲ್ಟಿನ ಫಿಲಮೆಂಟ್ ಬಲ್ಬಿಗೆ 170 ಸಿಕ್ಕರೆ ಶಾಖ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ತಗ್ಗುತ್ತದೆ. ಉರಿಯುತ್ತಿರುವುದು ಕಾಣುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ತಣ್ಣನೆಯ ರಕ್ತದ ಪ್ರಾಣಿಗೆ ಹೊರಗಿನ ಶಾಖವೇ ಚೈತನ್ಯ. ಅದು ತಗ್ಗಿದರೆ ಜೀರ್ಣವೂ ತಗ್ಗುತ್ತದೆ, ಮೊಟ್ಟೆ ಹಿಂಡುವ ಸ್ನಾಯುವೂ ಜಡವಾಗುತ್ತದೆ.

ಮೂರನೆಯದು ತಳ. ಮೊಟ್ಟೆ ಇಡಲೆಂದು ಇಟ್ಟಿದ್ದದ್ದು ನಾಲ್ಕು ಇಂಚು ಆಳದ ತಟ್ಟೆ, ಅದರ ತುಂಬ ತೆಂಗಿನ ನಾರಿನ ಪುಡಿ. ಹನಿ ನೀರಿನ ನಳಿಕೆ ನೇರ ಅದರ ಮೇಲೆ. ಬೆರಳಿಟ್ಟರೆ ಕೆಸರು, ಮೂಗು ಹತ್ತಿರ ತಂದರೆ ಬೂಷ್ಟಿನ ವಾಸನೆ. ಪಚ್ಚೆ ಅಲ್ಲಿ ಕೆರೆದ ಗುರುತುಗಳಿದ್ದವು. ಎಲ್ಲವೂ ತಳದ ಪ್ಲಾಸ್ಟಿಕ್ಕಿಗೆ ಬಡಿದು ನಿಂತಿದ್ದವು. ಜೊತೆಗೆ ಪಂಜರ ಇದ್ದದ್ದು ಊಟದ ಕೋಣೆಯಲ್ಲಿ. ನಾಯಿ, ಟಿವಿ, ಬಂದುಹೋಗುವ ನೆಂಟರು. ಸುರಂಗ ತೋಡುವಾಗ ಯಾರಾದರೂ ನೋಡುತ್ತಿದ್ದಾರೆ ಎನ್ನಿಸಿದರೆ ಹೆಣ್ಣು ಕೆಲಸ ಬಿಟ್ಟು ಎದ್ದುಹೋಗುತ್ತದೆ, ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು.

ಕಟ್ಟಿದ್ದು

ಮೈಸೂರಿನಿಂದ ಮರಳಿದ ರಾತ್ರಿಯೇ ಹಾಳೆ ಕಿತ್ತೆ, ದೀಪಗಳನ್ನು ಜಾಲರಿಯ ಮೇಲೆಯೇ ಕೂರಿಸಿದೆ. ಯುವಿಬಿ ಟ್ಯೂಬು 24 ವಾಟ್‌ನ ಟಿ5, ಕೊಂಬೆಯಿಂದ ಸುಮಾರು 20 ಸೆಂ.ಮೀ. ಮೇಲೆ. ಜಾಲರಿಯೇ ಕಿರಣದ ಒಂದು ಪಾಲನ್ನು ನುಂಗುತ್ತದೆ, ಆದ್ದರಿಂದ ಇನ್ನೂ ದೂರ ಇಡುವಂತಿಲ್ಲ. ಟ್ಯೂಬಿನ ತುದಿಗೆ ಹಾಕಿದ ತಾರೀಖನ್ನು ಮಾರ್ಕರಿನಲ್ಲಿ ಬರೆದೆ. ಬೆಳಕು ಹಾಗೇ ಇದ್ದರೂ ವರ್ಷದೊಳಗೆ ಯುವಿಬಿ ಕುಗ್ಗಿಹೋಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಚಳಿಗೆ ಬೇರೆ ಉಪಾಯ ಮಾಡಿದೆ: ಹಿಂದಿನ ಮತ್ತು ಎರಡು ಪಕ್ಕದ ಜಾಲರಿಗೆ ಹೊರಗಿನಿಂದ ಪಿವಿಸಿ ಹಲಗೆ ಬಿಗಿದು, ಮೇಲ್ಭಾಗ ಮತ್ತು ಮುಂಭಾಗ ಗಾಳಿಗೆ ತೆರೆದಿಟ್ಟೆ. ಟಿವಿಗೆ ಹಾಕಿದ್ದ ಸ್ಟೆಬಿಲೈಜರನ್ನು ಪಂಜರಕ್ಕೆ ತಂದೆ. ಭಾವ ಏನೂ ಹೇಳಲಿಲ್ಲ, ಆದರೆ ನೋಡಿದರು. ಕೊಂಬೆಯ ಮೇಲೆ ಥರ್ಮಾಮೀಟರು 28ಕ್ಕೆ ಏರಿತು.

ಈಗ ಪೆಟ್ಟಿಗೆ. ಕನಿಷ್ಠ 30 ಸೆಂ.ಮೀ. ಉದ್ದ, ಅಗಲ, ಆಳ ಬೇಕು ಎಂಬುದು ಸಾಕುವವರ ರೂಢಿಯ ಅಳತೆ. ನನಗೆ ಸಿಕ್ಕ ಬಣ್ಣದ ಪ್ಲಾಸ್ಟಿಕ್ ಡಬ್ಬ 40 ಉದ್ದ, 30 ಅಗಲ, 35 ಆಳ. ಒಳಗೆ 28 ಸೆಂ.ಮೀ. ಮರಳು ತುಂಬಿದರೆ 33 ಲೀಟರಿಗಿಂತ ಹೆಚ್ಚು. ತೇವದ ಮರಳು ಲೀಟರಿಗೆ ಒಂದೂಮುಕ್ಕಾಲು ಕಿಲೋ ಎಂದು ಹಿಡಿದರೆ ಸುಮಾರು 59 ಕಿಲೋ. ಒಂದು ಸಿಮೆಂಟ್ ಚೀಲವನ್ನು ಮೀರಿದ ಭಾರ. ಪಂಜರದ ತಳಕ್ಕಿದ್ದ ತೆಳು ಪಿವಿಸಿ ಹಲಗೆ ಇದನ್ನು ತಡೆಯುವುದಿಲ್ಲ. ಪೆಟ್ಟಿಗೆಯನ್ನು ಪಂಜರದ ಒಳಗಿಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬದಲಿಗೆ ತೋಟದಲ್ಲಿ ಕೊಯ್ಸಿಟ್ಟಿದ್ದ ಸಿಲ್ವರ್ ಓಕ್ ರೀಪಿನಿಂದ ಒಂದು ಮೇಜಿನ ಚೌಕಟ್ಟು ಮಾಡಿದೆ, ಎತ್ತರ 45 ಸೆಂ.ಮೀ. ಪಂಜರದ ನಾಲ್ಕು ಮೂಲೆ ಆ ಚೌಕಟ್ಟಿನ ಮೇಲೆ. ಪಂಜರದ ತಳದಲ್ಲಿ 38ಕ್ಕೆ 28 ಸೆಂ.ಮೀ. ಕಿಂಡಿ ಕತ್ತರಿಸಿದೆ. ಡಬ್ಬವನ್ನು ಗಾಲಿ ಹಾಕಿದ ಹಲಗೆಯ ಮೇಲಿಟ್ಟು ಅಡಿಗೆ ತಳ್ಳಿದರೆ ಅದರ ಬಾಯಿ ಕಿಂಡಿಯ ಕೆಳಗೆ ಸರಿಯಾಗಿ ಬಂದು ನಿಲ್ಲುತ್ತದೆ. ಭಾರವೆಲ್ಲ ನೆಲಕ್ಕೆ, ಪಂಜರದ ಮೇಲೆ ಒಂದು ಗ್ರಾಂ ಇಲ್ಲ. ತೊಳೆಯಬೇಕೆಂದರೆ ಎಳೆದರಾಯಿತು. ಪಂಜರವೂ ಎತ್ತರಕ್ಕೆ ಹೋಯಿತು. ಮನುಷ್ಯರ ತಲೆಗಿಂತ ಮೇಲೆ ಕೂತಾಗ ಗೋಸುಂಬೆಗೆ ಅಂಜಿಕೆ ಕಡಿಮೆ.

ಕಿಂಡಿಯ ಅಂಚಿಗೆ ಅಲ್ಯೂಮಿನಿಯಂ ಎಲ್-ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿ, ಅರದಿಂದ ಉಜ್ಜಿ ನಯ ಮಾಡಿದೆ. ಗೋಸುಂಬೆಯ ಉಗುರು ಸಂದಿಗೆ ಸಿಕ್ಕಿದರೆ ಕಿತ್ತೇ ಬರುತ್ತದೆ. ಸಿಲಿಕಾನ್, ಅಂಟು, ವಾರ್ನಿಷ್ ಯಾವುದನ್ನೂ ಮುಟ್ಟಲಿಲ್ಲ. ಮಳೆಗಾಲದಲ್ಲಿ ಅವು ಒಣಗುವುದು ನಿಧಾನ, ಆವಿ ಪಂಜರದಲ್ಲೇ ಉಳಿಯುತ್ತದೆ, ನಮಗೆ ಕಾಯುವ ಸಮಯವೂ ಇರಲಿಲ್ಲ. ಈ ಕತ್ತರಿಸುವಿಕೆ ನಡೆಯುವಾಗ ಪಚ್ಚೆ ಒಳಕೋಣೆಯಲ್ಲಿ ದಾಸವಾಳದ ಕುಂಡದ ಮೇಲೆ ಒಂದು ದೀಪದ ಕೆಳಗೆ ಕೂತಿತ್ತು. ಅದರ ಎಲೆಯನ್ನು ಕಚ್ಚಿದರೂ ತೊಂದರೆಯಿಲ್ಲ.

ಇಷ್ಟೆಲ್ಲ ಕಟ್ಟಲು ಪುರಸೊತ್ತಿಲ್ಲದವರಿಗೆ 20 ಲೀಟರಿನ ಶುಚಿಯಾದ ಬಕೆಟ್ಟಿಗೆ ಒಂದಡಿ ಮರಳು ತುಂಬಿ ಕತ್ತಲೆಯ ಮೂಲೆಯಲ್ಲಿ ಇಟ್ಟರೂ ಆ ಹೊತ್ತಿಗೆ ಸಾಕು. ಅಂದಚಂದ ಆಮೇಲೆ.

ಮರಳು

ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಮರಳು. ತೋಟದ ಮಣ್ಣು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದರಲ್ಲಿ ಮೈಲುತುತ್ತ; ಗೊಬ್ಬರ ಬೇರೆ. ಅಲ್ಲದೆ ನಮ್ಮ ಕೆಂಪು ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಎಂ-ಸ್ಯಾಂಡ್ ಕಲ್ಲು ಪುಡಿಮಾಡಿ ಮಾಡಿದ್ದು, ಕಣಗಳು ಮೊನಚು. ಮುಖ ಮುಂದೆ ಮಾಡಿ ಕೈಕಾಲಿನಿಂದ ತೋಡುವ ಪ್ರಾಣಿಗೆ ಅದನ್ನು ಕೊಡಲು ಮನಸ್ಸಾಗಲಿಲ್ಲ. ಮನೆ ಕಟ್ಟುವಾಗ ಉಳಿದ ಹೊಳೆ ಮರಳು ಶೆಡ್ಡಿನ ಮೂಲೆಯಲ್ಲಿತ್ತು. ಗಾರೆಯವರ ಸಣ್ಣ ಜರಡಿಯಲ್ಲಿ ಸೋಸಿ, ನೀರು ತಿಳಿಯಾಗುವವರೆಗೆ ತೊಳೆದೆ. ಒಣಗಿಸುವ ಮಾತೇ ಇಲ್ಲದ್ದರಿಂದ ಹಂಡೆ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು ಹುರಿದೆವು. ಇರುವೆ, ಬೂಷ್ಟು, ಹುಳದ ಮೊಟ್ಟೆ ಎಲ್ಲಕ್ಕೂ ಅದೇ ಮದ್ದು. ಅಕ್ಕನ ಬಾಣಲೆಯ ಕಥೆ ಬೇರೆ.

ತಣಿದ ಮೇಲೆ ನೀರು ಚಿಮುಕಿಸಿ ಕಲಸಬೇಕು. ಹದ ನೋಡುವುದು ಹೀಗೆ: ಒಂದು ಮುಷ್ಟಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದು ಹನಿ ನೀರೂ ಬರಬಾರದು. ಡಬ್ಬಕ್ಕೆ ತುಂಬಿ ಅಂಗೈಯಿಂದ ಒತ್ತಿದ ಮೇಲೆ ಎರಡನೇ ಪರೀಕ್ಷೆ. ಓರೆಯಾಗಿ ಎರಡು ಬೆರಳಗಲದ ಸುರಂಗವನ್ನು ಕೈಯಿಂದ ತಳದವರೆಗೆ ತೋಡಿ, ಮೇಲಿನ ಮರಳನ್ನು ತಟ್ಟಿ ನೋಡಬೇಕು. ಸೂರು ಕುಸಿದರೆ ಒಣಗು ಹೆಚ್ಚು. ತಳದಲ್ಲಿ ನೀರು ಜಿನುಗಿದರೆ ತೇವ ಹೆಚ್ಚು. ಕುಸಿಯುವ ಸುರಂಗದಲ್ಲಿ ಅದು ಉಸಿರುಗಟ್ಟಬಹುದು, ಜೌಗಿನಲ್ಲಿ ಅದು ಇಡುವುದೇ ಇಲ್ಲ. ನಮ್ಮದು ಎರಡನೇ ಸಲ ಕಲಸಿದಾಗ ನಿಂತಿತು. ಪರೀಕ್ಷೆಯ ಸುರಂಗವನ್ನು ಪೂರ್ತಿ ಮುಚ್ಚದೆ, ಬಾಯಿಯಲ್ಲಿ ಒಂದು ಗುಳಿ ಉಳಿಸಿದೆ. ತೋಡಲು ಆರಂಭ ಸಿಕ್ಕಂತಾಗುತ್ತದೆ.

ಒಣ ಊರಿನವರು ಮರಳಿಗೆ ನೀರು ಹಾಕುತ್ತಲೇ ಇರಬೇಕು ಎನ್ನುತ್ತಾರೆ. ಇಲ್ಲಿ ತಿರುಗಾಮುರುಗಾ, ನೀರು ಹೊರಗಿಡುವುದೇ ಕೆಲಸ. ಡಬ್ಬದ ತಳಕ್ಕೆ ಸಣ್ಣ ತೂತುಗಳನ್ನು ಕೊರೆದು ಸ್ಟೀಲಿನ ಸೊಳ್ಳೆ ಜಾಲರಿ ಹಾಸಿದ್ದೆ. ಕಿಂಡಿಯ ಮೇಲೆ ಅಂಗೈ ಎತ್ತರದಲ್ಲಿ ಒಂದು ಇಳಿಜಾರು ತಗಡಿನ ಸೂರು ಕೂರಿಸಿ, ಅದರ ನೀರು ಕೊಳವೆಯ ಮೂಲಕ ಹೊರಗಿನ ಬಾಟಲಿಗೆ ಹೋಗುವಂತೆ ಮಾಡಿದೆ. ಹನಿ ನಳಿಕೆಯನ್ನು ಎದುರು ಮೂಲೆಗೆ ಸರಿಸಿದೆವು. ಸೂರಿನ ಕೆಳಗೆ ಕತ್ತಲೆ, ಅದೂ ಒಂದು ಲಾಭ. ಮೇಲಿನ ಕೊಂಬೆಯಿಂದ ಕಿಂಡಿಗೆ ಸೀಬೆಯ ಕೊಂಬೆಯೊಂದು ಸೇತುವೆ.

ಮರಳಿನ ಶಾಖ 19 ಡಿಗ್ರಿ ಇತ್ತು. ಕಾಯಿಸುವ ಪ್ಯಾಡನ್ನು ಡಬ್ಬದ ಅಡಿಗೆ ಹಾಕುವವರಿದ್ದಾರೆ, ಅದು ತಪ್ಪು: ಪ್ರಾಣಿ ತೋಡಿಕೊಂಡು ಹೋಗುವುದು ಅಡಿಗೇ, ಸುಟ್ಟುಕೊಳ್ಳುವುದೂ ಅಲ್ಲೇ. ಹೊರಗಿನಿಂದ ಒಂದು ಪಕ್ಕಕ್ಕೆ ಮಾತ್ರ ಅಂಟಿಸಿ, ಥರ್ಮೋಸ್ಟಾಟಿನ ಸೂಜಿಯನ್ನು ಮರಳಿನಲ್ಲಿ ಹುಗಿದು 25ಕ್ಕೆ ನಿಲ್ಲಿಸಿದೆ.

ಕೊನೆಗೆ ಪರದೆ. ಕಾಫಿ ಗೋಣಿಯನ್ನು ತೊಳೆದು ಕಟ್ಟೋಣ ಎಂದು ಅಕ್ಕ ಹೇಳಿದರೂ ಅದರ ಧೂಳು ಬೇಡವೆನ್ನಿಸಿತು. ಕಪ್ಪು ಹತ್ತಿ ಬಟ್ಟೆಯನ್ನು ಪಂಜರದ ಕೆಳ ಅರ್ಧಕ್ಕೆ ಸುತ್ತಿದೆವು. ಪಂಜರ ಊಟದ ಕೋಣೆಯಿಂದ ಹುಡುಗಿಯ ಕೋಣೆಗೆ ಹೋಯಿತು. ಹಳೆಯ ಮೊಬೈಲೊಂದನ್ನು ಪರದೆಯೊಳಗೆ ಕ್ಯಾಮೆರಾ ಮಾಡಿ ಇಟ್ಟೆವು, ಇಣುಕುವ ಚಪಲವನ್ನು ತಡೆಯಲು.

ಇಟ್ಟದ್ದು

ಮೊದಲ ಸಂಜೆ ಪಚ್ಚೆ ಇಳಿದು ಬಂದು ಮರಳನ್ನು ಮೂಸಿದಂತೆ ಮಾಡಿ ಹತ್ತಿಹೋಯಿತು. ಮರುದಿನ ಬೆಳಿಗ್ಗೆ ನಾನು ಬಿಟ್ಟ ಗುಳಿಯನ್ನು ಉದಾಸೀನ ಮಾಡಿ ಎದುರು ಮೂಲೆಯಲ್ಲಿ ತೋಡತೊಡಗಿತು. ಮುಂಗಾಲಿನಿಂದ ಕೆರೆದು, ಹಿಂಗಾಲಿನಿಂದ ಹಿಂದಕ್ಕೆ ಎಸೆದು, ಸ್ವಲ್ಪ ಹೊತ್ತಿಗೆ ಬಾಲದ ಸುರುಳಿಯೊಂದೇ ಹೊರಗೆ. ಮಧ್ಯಾಹ್ನ ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಿತು. ಮಧ್ಯೆ ಒಮ್ಮೆ ಹೊರಬಂದು ಬೇರೆ ಸುರಂಗ ಆರಂಭಿಸಿದಾಗ ಹುಡುಗಿಯ ಮುಖ ಸಣ್ಣದಾಯಿತು. ಒಂದೆರಡು ಸುರಂಗ ತೋಡಿ ಬಿಡುವುದು ಮಾಮೂಲಿ. ಸಂಜೆಯ ಹೊತ್ತಿಗೆ ಅದು ಸುರಂಗದೊಳಗೆ ತಿರುಗಿ, ಮುಖ ಹೊರಗೆ ಮಾಡಿ ಕೂತಿತು. ಹಿಂಭಾಗ ಒಳಗೆ, ಅಂದರೆ ಕೆಲಸ ನಡೆದಿದೆ. ದೀಪ ಆರಿದರೂ ಅಲ್ಲೇ ಇತ್ತು, ನಾವು ಮುಟ್ಟಲಿಲ್ಲ.

ಮರುದಿನ ಎದ್ದು ನೋಡಿದಾಗ ಪಚ್ಚೆ ಸುರಂಗಕ್ಕೆ ಮರಳು ಮುಚ್ಚುತ್ತಿತ್ತು. ತೋಡಿದ್ದಕ್ಕಿಂತ ಹೆಚ್ಚು ಹೊತ್ತು ಮುಚ್ಚುವುದಕ್ಕೇ ಹಿಡಿಯಿತು; ಕಾಲಿನಿಂದ ತಟ್ಟಿ ತಟ್ಟಿ ನೆಲ ಮಟ್ಟ ಮಾಡಿತು. ಅದು ಮುಗಿಸಿ ತಾನಾಗಿ ಮೇಲೆ ಹತ್ತುವವರೆಗೆ ಎತ್ತಬಾರದು. ಹತ್ತಿದಾಗ ಮೈ ಜೋಲು ಚೀಲದಂತಿತ್ತು, ಸೊಂಟದ ಎಲುಬು ಕಾಣುತ್ತಿತ್ತು.

ಡಬ್ಬ ಎಳೆದು ಕೈಯಿಂದ ಮರಳು ತೆಗೆದೆವು. ತಳಕ್ಕೆ ತಾಗಿದಂತೆ, ಗೋಡೆಯ ಬದಿಗೆ ಗುಂಪಾಗಿ 34 ಮೊಟ್ಟೆ. ಬಿಳಿ, ಮಂದ ಹೊಳಪು, ಒತ್ತಿದರೆ ಬೆರಳಿಗೆ ಚರ್ಮದ ಹದ. ಎರಡು ಮಾತ್ರ ಹಳದಿಗಟ್ಟಿ ಸುಕ್ಕಾಗಿದ್ದವು. ಎಕ್ಸ್‌ರೇಯಲ್ಲಿ ಎಣಿಸಿದ್ದಕ್ಕೆ ಲೆಕ್ಕ ಹತ್ತಿರವಿತ್ತು. ಆದರೂ ಒಂದೆರಡು ಒಳಗೆ ಉಳಿದಿದ್ದರೆ ಅದೇ ಕೊಳೆತು ಮುಂದಿನ ಕಂತಿಗೆ ದಾರಿ ಕಟ್ಟುತ್ತದೆ ಎಂದು ವೈದ್ಯರು ಹೇಳಿದ್ದರಿಂದ, ಪಚ್ಚೆ ಚೇತರಿಸಿಕೊಂಡ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಸಿದೆವು. ಖಾಲಿ ಇತ್ತು.

ಇಟ್ಟ ದಿನ ಅದಕ್ಕೆ ಬೇಕಾದದ್ದು ನೀರು. ಉಗುರುಬೆಚ್ಚಗಿನ ನೀರನ್ನು ಎಲೆಗಳ ಮೇಲೆ ಹನಿಸಿದಾಗ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೆಕ್ಕಿತು. ಆಮೇಲೆ ಕೆಲವು ದಿನ ಹೊಟ್ಟೆ ತುಂಬ ಆಹಾರ, ಪ್ರತಿ ಹುಳುವಿಗೂ ಕ್ಯಾಲ್ಸಿಯಂ ಪುಡಿ. ರೇಷ್ಮೆ ಹುಳು ಇದಕ್ಕೆ ಬಹಳ ಒಳ್ಳೆಯದು: ಮೆತ್ತಗೆ, ನೀರಿನಂಶ ಹೆಚ್ಚು. ಮೈಸೂರು ಭಾಗದ ಸಾಕಣೆದಾರರಿಂದ ತರಿಸಬಹುದು, ಸೋಂಕುನಿವಾರಕ ಪುಡಿ ಉದುರಿಸುವ ಮುಂಚಿನ ಹುಳುವನ್ನೇ ಕೇಳಬೇಕು. ತೋಟದಲ್ಲಿ ಹಿಡಿದ ಮಿಡತೆ ಬೇಡ, ಔಷಧಿ ಹೊಡೆದ ಎಲೆ ತಿಂದಿರುತ್ತದೆ.

ಚೇತರಿಸಿಕೊಂಡ ಮೇಲೆ ಲೆಕ್ಕ ಬಿಗಿ. ಮೊಟ್ಟೆಯ ಸಂಖ್ಯೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಹಾರ ಮತ್ತು ಶಾಖ. ಹೊಟ್ಟೆತುಂಬ ತಿಂದು ಬಿಸಿಯಲ್ಲಿರುವ ಹೆಣ್ಣು 60, 70 ಮೊಟ್ಟೆಯನ್ನೂ ಕಟ್ಟಬಲ್ಲದು, ಅದರ ಆಯಸ್ಸನ್ನು ಅದೇ ತಿನ್ನುತ್ತದೆ. ಈಗ ಒಂದು ದಿನ ಬಿಟ್ಟು ಒಂದು ದಿನ ಮೂರು ನಾಲ್ಕು ಹುಳು, ಕೊಂಬೆಯ ಶಾಖ 27. ಪಾಪ ಎಂದು ಅಕ್ಕ ಕದ್ದು ತಿನ್ನಿಸದಿದ್ದರೆ ಮುಂದಿನ ಸಲ ಇಪ್ಪತ್ತರ ಆಸುಪಾಸಿಗೆ ಇಳಿಯಬೇಕು.

ಗಂಡಿಲ್ಲದ ಮೊಟ್ಟೆಯಾದ್ದರಿಂದ ಕಾವು ಕೊಡುವ ಪ್ರಶ್ನೆ ಇರಲಿಲ್ಲ, ಹುಗಿದೆವು. ಮರಳನ್ನು ಬದಲಿಸಿ ಡಬ್ಬ ಮತ್ತೆ ಅಡಿಗೆ ಹೋಗಿದೆ, ಅಲ್ಲೇ ಇರುತ್ತದೆ. ಉಳಿದಿರುವ ಕೆಲಸ ಎರಡು: ಸೂರಿನ ನೀರಿನ ಕೊಳವೆ ಪಾಚಿ ಕಟ್ಟುತ್ತಿದೆ, ದಪ್ಪದ್ದು ಹಾಕಬೇಕು, ಗಾಲಿಗಳಲ್ಲಿ ಒಂದು ಭಾರಕ್ಕೆ ಓರೆಯಾಗಿದೆ, ಕಬ್ಬಿಣದ್ದು ತರಬೇಕು. ಮೂರನೆಯದನ್ನು ಭಾವ ಸೇರಿಸಿದ್ದಾರೆ. ಟಿವಿಗೆ ಹೊಸ ಸ್ಟೆಬಿಲೈಜರ್, ನನ್ನ ಖರ್ಚಿನಲ್ಲಿ.